ಮೇಲಿನವರ ನಲ್ಲಿ, ನಮ್ಮ ರಾಟೆ

ನೀರು ಬಳಸಿ ಬಿಲ್ಲು ಕೊಡದವರನ್ನು ನೀವು ಬೇಕಾದಷ್ಟು ನೋಡಿರಬಹುದು. ಬಿಲ್ಲು ಕೊಡಬಾರದೆಂಬ ಒಂದೇ ಹಟಕ್ಕೆ ತಮ್ಮ ಮನೆಯ ನಲ್ಲಿಗೆ ತಾವೇ ಸೀಲು ಹಾಕಿಕೊಂಡು, ಬೆಳಗ್ಗೆ ಐದು ಗಂಟೆಗೆ ಬಾವಿಯಿಂದ ನೀರು ಸೇದಿ, ಕೊಡಪಾನ ಹೊತ್ತು ಮಹಡಿ ಹತ್ತುವವರನ್ನು ನೋಡಿದ್ದೀರಾ? ನೋಡಬೇಕಿದ್ದರೆ ಮೂಡುಬಿದಿರೆಗೆ ಬನ್ನಿ. ನಮ್ಮ ಮನೆಯ ಮಹಡಿಯಲ್ಲಿ ಒಬ್ಬರಿದ್ದಾರೆ. ನೋಡಲು ಟಿಕೆಟ್ ಇಲ್ಲ. ಇಟ್ಟರೆ ಆ ಟಿಕೆಟ್ಟಿನ ಹಣದಲ್ಲಿ ತಮ್ಮ ಪಾಲು ಎಷ್ಟು ಎಂದು ಅವರು ತಕರಾರು ಶುರು ಮಾಡಿಯಾರು ಎಂಬ ಭಯದಿಂದ ಇಟ್ಟಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅದಕ್ಕೂ ಬಾಡಿಗೆ ಕೇಳುವ ಜನ. ನಮ್ಮ ಮನೆಯಲ್ಲಿ ಅವರಿಗೆ ‘ಮೇಲಿನವರು’ ಎಂದೇ ಹೆಸರು. ಮನೆಯಲ್ಲಿ ನಾವು ಮೂವರು: ಅಮ್ಮ, ಅಜ್ಜಿ, ನಾನು. ಅಪ್ಪ ಗಲ್ಫಿನಲ್ಲಿ ಹೋಟೆಲಿನ ಕೆಲಸದಲ್ಲಿದ್ದಾರೆ. ಮಹಡಿ ಅವರ ದುಡಿಮೆಯಿಂದ ಎದ್ದದ್ದು. ಮಹಡಿಯ ಜಗಳ ಮಾತ್ರ ಪೂರ್ತಿಯಾಗಿ ನಮ್ಮ ಪಾಲಿಗೆ ಬಂದಿದೆ.

ಮೇಲಿನವರು ಬಸ್‌ಸ್ಟ್ಯಾಂಡಿನಲ್ಲಿ ಟೈಮ್‌ಕೀಪರ್. ನಮ್ಮ ಕಡೆಯ ಖಾಸಗಿ ಬಸ್ಸುಗಳ ಸಂಗತಿ ನಿಮಗೆ ಗೊತ್ತಿರಬಹುದು. ಒಂದು ಬಸ್ಸು ಒಂದು ನಿಮಿಷ ತಡವಾಗಿ ಹೊರಟರೆ ಅದರ ಹಿಂದಿನ ಬಸ್ಸಿಗೆ ಸಿಗಬೇಕಾದ ಪ್ರಯಾಣಿಕರೆಲ್ಲ ಇದಕ್ಕೇ ಹತ್ತಿಬಿಡುತ್ತಾರೆ. ಹಾಗಾಗಿ ಆ ಒಂದು ನಿಮಿಷಕ್ಕೆ ಅಲ್ಲಿ ಯುದ್ಧವೇ ಆಗುತ್ತದೆ. ಇಬ್ಬರು ಕಂಡಕ್ಟರುಗಳ ನಡುವೆ ಗಡಿಯಾರ ಹಿಡಿದು ನಿಂತು, ಯಾರ ನಿಮಿಷ ಯಾರದೆಂದು ತೀರ್ಪು ಕೊಡುವುದು ಮೇಲಿನವರ ಕೆಲಸ. ಇಪ್ಪತ್ತು ವರ್ಷ ಹೀಗೆ ನಿಮಿಷ ಹಂಚಿದವರು ಸಂಜೆ ಮನೆಗೆ ಬಂದ ಕೂಡಲೇ ಸುಮ್ಮನಿರಲು ಸಾಧ್ಯವೇ? ಅಲ್ಲಿ ನಿಮಿಷ, ಇಲ್ಲಿ ಯೂನಿಟ್ಟು. ಕೆಲಸ ಅದೇ.

ಇನ್ನು ನನ್ನ ವಿಷಯ. ನಾನು ಮಿಜಾರಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಡೈರಿ ಬರೆಯುವ ಚಟ ಹೈಸ್ಕೂಲಿನಿಂದ ಉಂಟು. ಗ್ಯಾಸು ಯಾವತ್ತು ಜೋಡಿಸಿದ್ದು, ಹಾಲಿನವ ಎಷ್ಟು ದಿನ ಬರಲಿಲ್ಲ, ಸೋದರತ್ತೆ ಬಂದಾಗ ಎಷ್ಟು ಸಲ ನನ್ನ ಮದುವೆಯ ಮಾತೆತ್ತಿದರು, ಎಲ್ಲವೂ ಗೆರೆ ಎಳೆದು ಲೆಕ್ಕ ಸಮೇತ ಇರುತ್ತದೆ. ಇದನ್ನು ಕಂಡ ಅಮ್ಮ, ಮೇಲಿನ ಮನೆಯ ನೀರು-ಕರೆಂಟಿನ ವಸೂಲಿಯನ್ನು ನನ್ನ ತಲೆಗೆ ಕಟ್ಟಿದರು. ಮೂರು ವರ್ಷದ ವಸೂಲಿಯನ್ನು ಈ ಬೇಸಿಗೆಯಲ್ಲಿ ಕೂಡಿಸಿ ನೋಡಿದ್ದೆ. ಒಂದು ರೂಪಾಯಿ. ಆ ಒಂದು ರೂಪಾಯಿಯ ಕಥೆಯೂ ಮುಂದೆ ಬರುತ್ತದೆ.

ಜಗಳದ ಮೂಲ ಇಷ್ಟೇ. ಮೇಲೂ ಕೆಳಗೂ ಬೇರೆ ಬೇರೆ ಮೀಟರು ಉಂಟು. ಬಾವಿಯ ಪಂಪು ಮತ್ತು ಹೊರಗಿನ ಮೆಟ್ಟಿಲ ಬಲ್ಬು ನಮ್ಮ ಮೀಟರಿನಲ್ಲಿ. ಪಂಪು ತುಂಬಿಸುವ ಟ್ಯಾಂಕಿಯಿಂದ ಎರಡು ಮನೆಗೂ ನೀರು ಹೋಗುತ್ತದೆ. ಆದ್ದರಿಂದ ಪಂಪಿನ ಖರ್ಚಿನಲ್ಲಿ ಅರ್ಧ ಅವರು ಕೊಡಬೇಕು ಎಂಬುದು ಅಮ್ಮನ ವಾದ. ಮಗುವಿಗೂ ಅರ್ಥವಾಗುವ ಮಾತು, ಅಲ್ಲವೇ? ಮೊದಲ ತಿಂಗಳು ಬೆಳಗ್ಗೆ ಏಳು ಹತ್ತಕ್ಕೆ ಸರಿಯಾಗಿ ಅವರು ಬಾಡಿಗೆ ತಂದುಕೊಟ್ಟಾಗ ನಾನೂ ಹಾಗೆಂದೇ ತಿಳಿದು ಕೇಳಿದೆ.

“ಮಾಮ, ಬಾಡಿಗೆ ಸರಿ ಉಂಟು. ಪಂಪಿನ ಪಾಲು?”

ಅಲ್ಲಿಯವರೆಗೆ ಅವರು ಅಜ್ಜಿಯ ಮಂಡಿನೋವಿನ ಬಗ್ಗೆ ತುಳುವಿನಲ್ಲಿ ಮಾತಾಡುತ್ತಿದ್ದರು. ನಮ್ಮಲ್ಲಿ ಎಲ್ಲರೂ ಮಾತಾಡುವುದು ತುಳುವೇ. ಪಾಲು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಅಂಗಿಯ ಕಾಲರು ಸರಿಮಾಡಿಕೊಂಡು ಕನ್ನಡಕ್ಕೆ ಹೊರಳಿದರು. ಅಂದಿನಿಂದ ನೋಡಿದ್ದೇನೆ, ಅವರ ಪದ್ಧತಿಯೇ ಹಾಗೆ. ಸುಖದುಃಖ ತುಳುವಿನಲ್ಲಿ, ತಕರಾರು ಕನ್ನಡದಲ್ಲಿ. ಕಾಸಿನ ಮಾತು ಆಫೀಸಿನ ಮಾತು, ಆಫೀಸಿನ ಭಾಷೆಯಲ್ಲೇ ಆಗಬೇಕು ಎಂಬುದು ಅವರ ನಿಯಮ.

“ತಂಗೀ, ಪಾಲು ಎಂಬುದು ಬಳಸಿದವನ ಮೇಲೆ ಬರುವಂಥದ್ದು. ನಾನು ನಿಮ್ಮ ಪಂಪಿನ ನೀರನ್ನು ಬಳಸುವುದಿಲ್ಲ.”

“ಮತ್ತೆ ಸ್ನಾನ?”

“ಬಾವಿ ಉಂಟಲ್ಲ. ಹಗ್ಗ ಉಂಟು, ರಾಟೆ ಉಂಟು. ಬಾವಿಗೆ ಕರೆಂಟು ಬೇಡ.”

“ನಿಮ್ಮ ನಲ್ಲಿಗೂ ಟ್ಯಾಂಕಿಯ ನೀರು ಬರ್ತದಲ್ಲ ಮಾಮ?”

“ಬರ್ತದೆ. ನಾನು ಕರೆದದ್ದಲ್ಲ.”

ಮರುದಿನ ನನ್ನನ್ನು ಮೇಲೆ ಕರೆದರು. ಹೋಗಿ ನೋಡಿದರೆ ಅಡುಗೆಮನೆಯ ನಲ್ಲಿಗೂ ಬಚ್ಚಲಿನ ನಲ್ಲಿಗೂ ಬಿಳಿ ಬಟ್ಟೆ ಸುತ್ತಿ, ಗೋಣಿ ಹೊಲಿಯುವ ದಾರದಿಂದ ಬಿಗಿದಿದ್ದರು. ತಲೆಗೆ ಪೆಟ್ಟಾಗಿ ಬ್ಯಾಂಡೇಜು ಹಾಕಿಸಿಕೊಂಡ ಅಣ್ಣತಮ್ಮಂದಿರ ಹಾಗೆ ಎರಡು ನಲ್ಲಿಗಳು. ನನ್ನ ಕೈಗೆ ಒಂದು ಮಾರ್ಕರ್ ಪೆನ್ನು ಕೊಟ್ಟರು.

“ಗಂಟಿನ ಮೇಲೆ ಸಹಿ ಹಾಕಿ. ಗಂಟು ಬಿಚ್ಚಿದರೆ ಸಹಿ ಒಡೆಯುತ್ತದೆ. ಪ್ರತಿ ತಿಂಗಳು ಒಂದನೇ ತಾರೀಕು ಬಂದು ಪರಿಶೀಲನೆ ಮಾಡಬಹುದು.”

ಎಂಎಸ್ಸಿ ಓದಿದ ನಾನು ನಲ್ಲಿಯ ಮೇಲೆ ಸಹಿ ಹಾಕಿ ಕೆಳಗಿಳಿದು ಬಂದೆ. ಅಮ್ಮ ಕೇಳಿದರು, “ಪಾಲು ಸಿಕ್ಕಿತಾ?” ನನ್ನ ಉತ್ತರ ಕೇಳಿ ಅವರು ದೋಸೆಯ ಕಾವಲಿಯನ್ನು ಇಳಿಸಿದ ರಭಸಕ್ಕೆ ಅಜ್ಜಿ ಒಳಗಿನಿಂದ, “ಎಂತ ಬಿತ್ತು?” ಎಂದು ಕೂಗಿದರು. ಬಿದ್ದದ್ದು ಅಮ್ಮನ ವಾದ.

ನಲ್ಲಿಯ ಕಥೆ ಹೀಗಾದರೆ ರಾಟೆಯದು ಇನ್ನೊಂದು ರಗಳೆ. ನಮ್ಮ ಬಾವಿಯ ರಾಟೆ ಅಪ್ಪನ ಪ್ರಾಯದ್ದು. ಪಂಪು ಬಂದ ಮೇಲೆ ಅದಕ್ಕೆ ನಿವೃತ್ತಿ ಸಿಕ್ಕಿತ್ತು. ಅದನ್ನು ಮೇಲಿನವರು ಪುನಃ ಕೆಲಸಕ್ಕೆ ಕರೆದದ್ದರಿಂದ ಸಿಟ್ಟಿಗೆದ್ದು ಕೂಗುತ್ತದೋ ಏನೋ, ಆ ಸ್ವರ ನೀವು ಕೇಳಬೇಕು. ಹಗ್ಗ ಇಳಿಯುವಾಗ ಒಂದು ಸ್ವರ, ಏರುವಾಗ ಇನ್ನೊಂದು. ಏರುವ ಸ್ವರ ಹಲ್ಲಿನ ಬೇರಿಗೆ ತಾಗುತ್ತದೆ. ಐದು ಗಂಟೆಗೆ ಅದು ಶುರುವಾದರೆ ನಮ್ಮ ಓಣಿಯ ನಾಯಿಗಳು ಜಾಗ ಬದಲಿಸುತ್ತವೆ. ಬಾವಿಗೆ ತಾಗಿಕೊಂಡೇ ಇರುವುದು ಅಜ್ಜಿಯ ಕೋಣೆ.

“ಆ ರಾಟೆಯ ಗಂಟಲಿಗೆ ಯಾರಾದ್ರೂ ಒಂದು ಚಮಚ ಎಣ್ಣೆ ಹೊಯ್ಯಿರಿ ಮಾರಾಯ್ರೆ” ಎಂದು ಅಜ್ಜಿ ದಿನಾ ಬೆಳಗ್ಗೆ ಗೊಣಗುತ್ತಿದ್ದರು.

ಸರಿ, ಯಾರು ಹೊಯ್ಯಬೇಕು? ಅಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ಹೇಳಿದರು, “ಅಣ್ಣಾ, ರಾಟೆ ಬಳಸುವುದು ನೀವು. ಎಣ್ಣೆಯನ್ನೂ ನೀವೇ ಹಾಕಬೇಕಾಗ್ತದೆ.”

ಮೇಲಿನಿಂದ ಕನ್ನಡ ಇಳಿದು ಬಂತು. “ಅಕ್ಕಾ, ರಾಟೆ ಮನೆಯ ಸೊತ್ತು. ಬಸ್ಸಿಗೆ ಪ್ರಯಾಣಿಕ ಎಣ್ಣೆ ಹಾಕ್ತಾನಾ?”

“ಪ್ರಯಾಣಿಕ ಟಿಕೆಟ್ ತೆಗೀತಾನೆ.”

“ಬಾಡಿಗೆ ಕೊಡ್ತೇನಲ್ಲ. ಅದೇ ಟಿಕೆಟ್.”

ನಾನು ತಡೆಯಲಾರದೆ ಒಂದು ಭಾನುವಾರ ತೆಂಗಿನೆಣ್ಣೆಯ ಬಾಟ್ಲಿ ಹಿಡಿದು ಬಾವಿಕಟ್ಟೆ ಹತ್ತಿದೆ. ಅಮ್ಮ ಓಡಿ ಬಂದು ಕೈ ಹಿಡಿದರು. “ಒಂದು ಹನಿ ಬಿತ್ತು ಅಂತಾದ್ರೆ ನಾವು ಒಪ್ಪಿಕೊಂಡ ಹಾಗೆ ಆಯ್ತು. ಇಳಿ ಕೆಳಗೆ.” ಮಹಡಿಯ ಕಿಟಕಿಯಲ್ಲಿ ಮೇಲಿನವರೂ ಕುತ್ತಿಗೆ ಚಾಚಿ ನೋಡುತ್ತಿದ್ದರು. ನಾನು ಬಾಟ್ಲಿ ಸಮೇತ ಇಳಿದೆ. ರಾಟೆ ಒಣಗಿಯೇ ಉಳಿಯಿತು. ಇಬ್ಬರು ದೊಡ್ಡವರ ಸ್ವಾಭಿಮಾನ ಅದರ ಅಚ್ಚಿನಲ್ಲಿ ತುಕ್ಕು ಹಿಡಿದು ಕೂತಿತು.

ಈಗ ಆ ಒಂದು ರೂಪಾಯಿ. ಮೆಟ್ಟಿಲ ಬಲ್ಬು ನಮ್ಮ ಮೀಟರಿನದ್ದು ಎಂಬ ಕಾರಣಕ್ಕೆ ಮೇಲಿನವರು ಅದರ ಸ್ವಿಚ್ಚು ಮುಟ್ಟುವುದಿಲ್ಲ. ಕತ್ತಲಲ್ಲಿ ಕೈಗಂಬಿ ಸವರುತ್ತ ಹತ್ತುತ್ತಾರೆ. ಒಮ್ಮೆ ಕಕ್ಕಿಂಜೆಯಿಂದ ಅವರ ಭಾವ ಒಂದು ಹಲಸಿನಹಣ್ಣು ಹೊತ್ತುಕೊಂಡು ಬಂದರು. ಪಾಪ, ಅವರಿಗೇನು ಗೊತ್ತು? ಸ್ವಿಚ್ಚು ಕಂಡಿತು, ಹಾಕಿದರು, ಹತ್ತಿದರು. ಮರುದಿನ ಬೆಳಗ್ಗೆ ಮೇಲಿನವರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಅರ್ಧ ಹಲಸಿನಹಣ್ಣು, ಇನ್ನೊಂದರಲ್ಲಿ ಒಂದು ರೂಪಾಯಿಯ ನಾಣ್ಯ. ಹಲಸಿನಹಣ್ಣನ್ನು ತುಳುವಿನಲ್ಲಿ ಕೊಟ್ಟರು. ನಾಣ್ಯವನ್ನು ಕನ್ನಡದಲ್ಲಿ ಕೊಟ್ಟರು.

“ನಿನ್ನೆ ನನ್ನ ಭಾವನವರು ಬಲ್ಬನ್ನು ಎಂಟು ನಿಮಿಷ ಉರಿಸಿದ್ದಾರೆ. ಅದರ ಬಾಬ್ತು.”

“ಅದಕ್ಕೆ ಒಂದು ರೂಪಾಯಿ ಎಂತಕ್ಕೆ ಮಾಮ? ಅರ್ಧ ಪೈಸೆಯೂ ಆಗಲಿಕ್ಕಿಲ್ಲ.”

“ಉಳಿದದ್ದು ಅಡ್ವಾನ್ಸ್ ಇರಲಿ.”

ಅಂದಿನಿಂದ ಅವರ ಮನೆಗೆ ಯಾರೇ ಬಂದರೂ ಮೇಲಿನಿಂದ ಕೂಗಿ ಹೇಳುತ್ತಾರೆ, “ಲೈಟು ಹಾಕಿ, ಹಾಕಿ, ಅಡ್ವಾನ್ಸ್ ಉಂಟು!” ತಾವು ಮಾತ್ರ ಈಗಲೂ ಕತ್ತಲಲ್ಲೇ. ಅಡ್ವಾನ್ಸು ಅತಿಥಿಗಳ ಬಾಬ್ತಂತೆ.

ಒಂದೇ ರೂಪಾಯಿ ಕೊಟ್ಟು ನಮ್ಮನ್ನು ಜನ್ಮಪೂರ್ತಿ ಸಾಲಗಾರರನ್ನಾಗಿ ಮಾಡಿದ ಮನುಷ್ಯನ ಹತ್ತಿರ ಪಂಪಿನ ಪಾಲು ವಸೂಲಿ ಮಾಡುವುದು ಹೇಗೆ, ನೀವೇ ಹೇಳಿ.

ಇದೆಲ್ಲದರ ನಡುವೆ ಸರ್ಕಾರ ಫ್ರೀ ಕರೆಂಟು ಕೊಟ್ಟಿತು. ಹಾಗಾದರೂ ಜಗಳ ಮುಗಿಯಬೇಕಿತ್ತು. ಜಾಸ್ತಿಯಾಯಿತು. ಮಿತಿಯೊಳಗೆ ಉರಿಸಿದರೆ ಸೊನ್ನೆ ಬಿಲ್ಲು, ಇನ್ನೂರು ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮಿತಿ ಎಷ್ಟೆಂಬುದು ಹಿಂದಿನ ವರ್ಷ ನೀವು ಉರಿಸಿದ್ದರ ಸರಾಸರಿಯ ಮೇಲೆ. ವರ್ಷಪೂರ್ತಿ ಕತ್ತಲಲ್ಲಿ ಕೂತ ಮೇಲಿನವರಿಗೆ ಸಿಕ್ಕಿದ ಮಿತಿ ಒಂದು ಕೋಳಿಗೂಡಿಗೆ ಸಾಕಾಗುವಷ್ಟು. ಅವರ ಮುಖ ನೋಡಬೇಕಿತ್ತು.

“ಉರಿಸಿದವನಿಗೆ ಜಾಸ್ತಿ ಫ್ರೀ, ಉಳಿಸಿದವನಿಗೆ ಕಮ್ಮಿ. ಇದು ಯಾವ ನ್ಯಾಯ ಮಾರಾಯ್ತಿ?” ಎಂದು ನನ್ನನ್ನೇ ಸರ್ಕಾರ ಎಂದು ತಿಳಿದವರಂತೆ ಕೇಳಿದರು.

ಅಮ್ಮನಿಗೆ ಮಾತ್ರ ಸೊನ್ನೆ ಬಿಲ್ಲೆಂದರೆ ಮಕ್ಕಳು ರ‍್ಯಾಂಕ್ ತಂದಷ್ಟು ಹೆಮ್ಮೆ. ಪ್ರತಿ ತಿಂಗಳ ಸೊನ್ನೆಯನ್ನು ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ಟಿನಿಂದ ಅಂಟಿಸುತ್ತಿದ್ದರು. ಬಂದ ನೆಂಟರು ಚಹಾಕ್ಕೆ ಮೊದಲು ಅದನ್ನು ನೋಡಬೇಕಿತ್ತು. ಹೀಗಿರುವಾಗ ಈ ವರ್ಷದ ಬೇಸಿಗೆ ಬಂತು. ಹಗಲು ರಾತ್ರಿ ಫ್ಯಾನು, ಜೊತೆಗೆ ಪಂಪು. ಮೇ ತಿಂಗಳಲ್ಲಿ ಮೀಟರ್ ಓದುವವನು ಕೊಟ್ಟ ಚೀಟಿಯಲ್ಲಿ ಸೊನ್ನೆ ಇರಲಿಲ್ಲ. ಇನ್ನೂರು ದಾಟಿತ್ತು, ಅದೂ ಸ್ವಲ್ಪದರಲ್ಲಿ.

ಅಮ್ಮ ಆ ಚೀಟಿಯನ್ನು ಸುಮಾರು ಹೊತ್ತು ನೋಡಿದರು. ಆಮೇಲೆ ನನಗೆ ಹೇಳಿದರು, “ಮೇಲೆ ಹೋಗಿ ಹೇಳು. ಇನ್ನು ಪಂಪಿನ ಪಾಲು ಕೊಡಬೇಕು. ಇಲ್ಲದಿದ್ರೆ ಬೇರೆ ಮನೆ ನೋಡಿಕೊಳ್ಳಲಿ. ನಲ್ಲಿಗೆ ಬಟ್ಟೆ ಕಟ್ಟಿದ್ರೆ ನನ್ನ ಸೊನ್ನೆ ವಾಪಸ್ ಬರುವುದಿಲ್ಲ.”

ಅಮ್ಮ ಇಷ್ಟು ಖಡಾಖಂಡಿತವಾಗಿ ಹೇಳಿದ್ದು ಅದೇ ಮೊದಲು. ನಾನು ಮೇಲೆ ಹೋಗಿ ಮಾತನ್ನು ಆದಷ್ಟು ಮೆತ್ತಗೆ ಮಾಡಿ ಇಳಿಸಿದೆ. ಮೇಲಿನವರು ಗಡಿಯಾರ ನೋಡಿಕೊಂಡರು. ಸಿಟ್ಟಾಗಲಿಲ್ಲ.

“ಮುಟ್ಟದ ನೀರಿಗೆ ನಾನು ಕೊಡುವುದಿಲ್ಲ. ಮನೆ ಬಿಡುವ, ಅದರಲ್ಲಿ ಎಂತ ಉಂಟು?”

ಆಮೇಲೆ ರಜೆಯ ದಿನಗಳಲ್ಲಿ ಮನೆ ಹುಡುಕಿದರು. ಬ್ರೋಕರ್ ತೋರಿಸಿದ ಪ್ರತಿ ಮನೆಯಲ್ಲೂ ಅವರು ಮೊದಲು ಕೇಳುತ್ತಿದ್ದದ್ದು ಒಂದೇ, ಹಗ್ಗ ಹಾಕುವ ಬಾವಿ ಉಂಟಾ? ಈಗ ಎಲ್ಲಿ ಉಂಟು? ಇದ್ದ ಬಾವಿಗಳಿಗೆಲ್ಲ ಕಬ್ಬಿಣದ ಬಲೆ ಹೊದೆಸಿ ಪಂಪು ಇಳಿಸಿದ್ದಾರೆ. ಬೆಡ್‌ರೂಮು ತೋರಿಸಲು ಹೋದರೆ ಬಾವಿಯ ಬಲೆ ಎತ್ತಿ ನೋಡುವ ಈ ಗಿರಾಕಿಯಿಂದ ಬ್ರೋಕರ್ ಸುಸ್ತಾಗಿ, “ಅಕ್ಕಾ, ನಿಮ್ಮ ಬಾವಿಯನ್ನೂ ಅವರೊಟ್ಟಿಗೆ ಕಳಿಸಿಕೊಡ್ತೀರಾ?” ಎಂದು ಅಮ್ಮನಿಗೆ ಫೋನು ಮಾಡಿದ.

ಅಷ್ಟರಲ್ಲಿ ಆಟಿ ತಿಂಗಳು, ಅಂದರೆ ತುಳುವರ ಆಷಾಢ, ಬಂತು. ಆಟಿಯ ಮಳೆಯಲ್ಲಿ ನಮ್ಮ ಕಡೆ ಯಾರೂ ಮನೆ ಬದಲಿಸುವುದಿಲ್ಲ, ಶುಭಕಾರ್ಯವೂ ಇಲ್ಲ. “ಆಟಿ ಮುಗಿದ ಮರುದಿನ ಬಿಡ್ತೇನೆ” ಎಂದು ಮೇಲಿನವರು ಕನ್ನಡದಲ್ಲಿ ತಿಳಿಸಿದರು. ಅಮ್ಮ ಒಪ್ಪಿದರು. ಆಟಿ ಕಳೆಯುವುದನ್ನು ನಾನು ಡೈರಿಯಲ್ಲಿ ಒಂದೊಂದೇ ದಿನ ಅಡ್ಡಗೆರೆ ಹಾಕುತ್ತ ಕಾದೆ. ಸತ್ಯ ಹೇಳುತ್ತೇನೆ, ನೆಮ್ಮದಿಯಿಂದಲೇ ಕಾದೆ. ಬೆಳಗ್ಗೆ ಆರೂವರೆವರೆಗೆ ಮಲಗಿರುವ ಸುಖ ಹೇಗಿದ್ದೀತು ಎಂದು ಕನಸು ಕಂಡೆ.

ಆಟಿಯ ನಡುವಿನಲ್ಲಿ ಅಜ್ಜಿಗೆ ಜ್ವರ ಬಂತು. ಮೊದಲು ಕಷಾಯ ಮಾಡಿದೆವು, ಆಮೇಲೆ ಡಾಕ್ಟರು, ಆಮೇಲೆ ಆಸ್ಪತ್ರೆ. ಎದೆಯಲ್ಲಿ ಕಫ ತುಂಬಿತ್ತು. ವಾರ ಕಳೆದು ಮನೆಗೆ ಕರೆತಂದಾಗ ಅಜ್ಜಿ ಹಾಸಿಗೆಯ ಮೇಲೆ ಮಡಚಿಟ್ಟ ಸೀರೆಯಷ್ಟೇ ಕಾಣುತ್ತಿದ್ದರು. ಕೆಮ್ಮು ಇಡೀ ರಾತ್ರಿ ಅವರನ್ನು ಕೂರಿಸುತ್ತಿತ್ತು. ಕಣ್ಣು ಮುಚ್ಚುವುದು ನಸುಕಿನಲ್ಲಿ, ನಾಲ್ಕೂವರೆಯ ಮೇಲೆ. “ಹೇಗಾದರೂ ನಿದ್ದೆ ಮಾಡಿಸಿ. ನಿದ್ದೆಯೇ ಈಗ ದೊಡ್ಡ ಮದ್ದು” ಎಂದು ಡಾಕ್ಟರು ಹೇಳಿ ಕಳುಹಿಸಿದ್ದರು.

ನಾಲ್ಕೂವರೆಗೆ ನಿದ್ದೆ. ಐದಕ್ಕೆ ರಾಟೆ.

ಮನೆಗೆ ಬಂದ ಮೊದಲ ಬೆಳಗ್ಗೆ ಹಾಗೇ ಆಯಿತು. ರಾಟೆ ಕೂಗಿತು, ಅಜ್ಜಿ ಬೆಚ್ಚಿ ಎದ್ದರು, ಕೆಮ್ಮು ಹತ್ತಿತು. ಅಮ್ಮ ಬೆನ್ನು ನೀವುತ್ತ ನನ್ನ ಮುಖ ನೋಡಿದರು. ಹೋಗಿ ಹೇಳು ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಮನೆ ಬಿಡು ಎಂದವರು ಈಗ ಉಪಕಾರ ಕೇಳುವುದು ಹೇಗೆ? ನಾಳೆ ಐದಕ್ಕೆ ಮೊದಲೇ ಎದ್ದು ಮೆಟ್ಟಿಲ ಬುಡದಲ್ಲಿ ನಿಲ್ಲುತ್ತೇನೆ, ಕಾಲು ಹಿಡಿದಾದರೂ ತಡೆಯುತ್ತೇನೆ ಎಂದುಕೊಂಡೆ.

ಮರುದಿನ ಎದ್ದು ಹೋಗಿ ನಿಂತೆ. ಐದಾಯಿತು. ಮೇಲಿನ ಬಾಗಿಲು ತೆರೆಯಲಿಲ್ಲ. ಐದು ಹತ್ತಾಯಿತು. ನಿಮಿಷ ತಪ್ಪದ ಮನುಷ್ಯ, ಏನಾಯಿತೋ ಎಂದು ಹೆದರಿಕೆಯಾಗಿ ಬಾವಿಯ ಹತ್ತಿರ ಹೋದೆ. ಹಗ್ಗವನ್ನು ಸುತ್ತಿ ಮೊಳೆಗೆ ಸಿಕ್ಕಿಸಿದ್ದರು. ಕೊಡಪಾನ ಬಾವಿಕಟ್ಟೆಯ ಮೇಲೆ ಬೋರಲು ಮಲಗಿತ್ತು. ಆಗ ಗೋಡೆಯೊಳಗೆ ಒಂದು ಸದ್ದು ಕೇಳಿಸಿತು. ಟ್ಯಾಂಕಿಯಿಂದ ಮಹಡಿಗೆ ಹೋಗುವ ಪೈಪಿನ ಸದ್ದು. ಮೂರು ವರ್ಷದಲ್ಲಿ ಒಮ್ಮೆಯೂ ಕೇಳದ ಸದ್ದಾದ್ದರಿಂದ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಮೇಲೆ ನಲ್ಲಿ ಬಿಟ್ಟಿದ್ದರು.

ಸ್ವಲ್ಪ ಹೊತ್ತಿಗೆ ಮೇಲಿನವರು ಇಳಿದು ಬಂದರು. ಚಪ್ಪಲಿ ಕೈಯಲ್ಲಿತ್ತು. ನನ್ನನ್ನು ಕಂಡು ಮೆಟ್ಟಿಲಲ್ಲೇ ನಿಂತರು.

“ಅಜ್ಜಿ ಜೆತ್ತೆರಾ?” ಎಂದು ಪಿಸುಗುಟ್ಟಿದರು. ಅಜ್ಜಿ ಮಲಗಿದರಾ ಎಂದು ತುಳುವಿನಲ್ಲಿ.

ಮಲಗಿದ್ದಾರೆ ಎಂದೆ. ಅವರು ಕಿಸೆಗೆ ಕೈ ಹಾಕಿ ಎರಡು ಬಿಳಿ ಬಟ್ಟೆಯ ತುಂಡು ತೆಗೆದು ನನ್ನ ಕೈಯಲ್ಲಿಟ್ಟರು. ಗಂಟಿನ ಮೇಲಿನ ನನ್ನ ಸಹಿ ನಡುವೆ ಒಡೆದಿತ್ತು. ಇವತ್ತಿನಿಂದ ಪಂಪಿನ ಪಾಲು ಹಾಕಿಕೊಳ್ಳಿ, ಅರ್ಧವೇ ಹಾಕಿ ಎಂದರು. ಅದನ್ನೂ ತುಳುವಿನಲ್ಲೇ ಹೇಳಿದರು. ಕಾಸಿನ ಮಾತನ್ನು ಅವರು ತುಳುವಿನಲ್ಲಿ ಆಡಿದ್ದು ನನಗೆ ತಿಳಿದ ಮಟ್ಟಿಗೆ ಅದೊಂದೇ ಸಲ.

ನನ್ನ ಬಾಯಿಂದ ದಡ್ಡ ಮಾತೇ ಹೊರಟಿತು. “ರಾಟೆಗೆ ಎಣ್ಣೆ ಹಾಕಿದ್ರೆ ಸಾಕಿತ್ತಲ್ಲ ಮಾಮ?”

“ಎಣ್ಣೆ ಹಾಕಿದ್ರೂ ಕೊಡಪಾನ ಕಟ್ಟೆಗೆ ತಾಗ್ತದೆ. ನೀರು ಹೊಯ್ಯುವ ಸದ್ದು ಉಂಟು. ಅವರ ಕಿಟಕಿ ಇಲ್ಲೇ ಅಲ್ವಾ?” ಎಂದು ಹೇಳಿ, ಗೇಟಿನ ಆಚೆ ಹೋದ ಮೇಲೆ ಚಪ್ಪಲಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದರು.

ಒಳಗೆ ಬಂದು ಅಮ್ಮನಿಗೆ ಬಟ್ಟೆಯ ತುಂಡುಗಳನ್ನು ತೋರಿಸಿದೆ. ಮೂರು ವರ್ಷ ಕಾದ ಗೆಲುವು ಕೈಗೆ ಬಂದಿತ್ತು. ಅಮ್ಮ ಅವನ್ನು ಒಗೆದು ಒಣಗಲು ಹಾಕಿದರು. ಆ ದಿನ ಅಜ್ಜಿ ಎಂಟು ಗಂಟೆವರೆಗೆ ಮಲಗಿದರು. ಮರುದಿನವೂ ಮಲಗಿದರು. ನಿಧಾನಕ್ಕೆ ಕೆಮ್ಮು ಇಳಿಯಿತು, ಗಂಜಿ ಸೇರತೊಡಗಿತು, ಚಟ್ನಿಗೆ ಉಪ್ಪು ಕಮ್ಮಿ ಎಂಬ ದೂರೂ ಬಂತು. ದೂರು ಬಂದ ಮೇಲೆ ನಮಗೆ ಧೈರ್ಯ ಬಂತು.

ಆಟಿ ಮುಗಿಯಲು ಎರಡು ದಿನ ಇತ್ತು. ಅಜ್ಜಿ ನನ್ನ ಕೈ ಹಿಡಿದುಕೊಂಡು ಮೊದಲ ಸಲ ಅಂಗಳಕ್ಕೆ ಇಳಿದರು. ಬಾವಿಕಟ್ಟೆಗೆ ಒರಗಿ ನಿಂತು, ಸುತ್ತಿಟ್ಟ ಹಗ್ಗ ನೋಡಿದರು. ಮಹಡಿಯ ಕಡೆ ತಲೆಯೆತ್ತಿ ತುಳುವಿನಲ್ಲಿ ಕೂಗಿದರು. ಅದರ ಕನ್ನಡ ಹೀಗೆ: “ಏ ಮಗಾ, ನೀನು ನೀರು ಸೇದುವುದು ನಿಲ್ಲಿಸಿದ್ದೀಯಂತೆ, ಎಂತ ಸಾವು ಅದು? ನನಗೆ ಬೆಳಗಾದದ್ದೇ ಗೊತ್ತಾಗುವುದಿಲ್ಲ. ಎಚ್ಚರ ಆದ್ರೆ ಕತ್ತಲು. ರಾತ್ರಿ ಇನ್ನೆಷ್ಟು ಉಳಿದಿದೆ ಅಂತ ಯಾರನ್ನು ಕೇಳುವುದು? ಆ ರಾಟೆ ಕೂಗಿದ್ರೆ, ಸರಿ, ಇನ್ನೊಂದು ದಿನ ಸಿಕ್ಕಿತು ಅಂತ ಆಗ್ತದೆ.”

ಮೇಲಿನವರು ಕಿಟಕಿಗೆ ಬಂದರು. ಅಜ್ಜಿಯನ್ನು ನೋಡಿದರು. ಆಮೇಲೆ ಕಾಲರು ಸರಿಮಾಡಿಕೊಂಡರು. ನನ್ನ ಎದೆ ಹಗುರಾಯಿತು, ಕನ್ನಡ ಬರುತ್ತಿದೆ ಎಂದು ಗೊತ್ತಾಗಿ.

“ಅದಕ್ಕೆ ಮೊದಲು ರಾಟೆಯ ಎಣ್ಣೆ ಯಾರದೆಂದು ತೀರ್ಮಾನ ಆಗಬೇಕು.”

ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದೇ ಹೊರಗೆ ಬಂದರು. “ಎಣ್ಣೆ ಯಾರೂ ಹಾಕುವುದು ಬೇಡ ಅಣ್ಣಾ. ಹಾಕಿದ್ರೆ ಇವರಿಗೆ ಕೇಳುವುದು ಹೇಗೆ?”

“ಆಗಬಹುದು. ಹಾಗಾದ್ರೆ ಪಂಪಿನ ಪಾಲು ಇವತ್ತಿನವರೆಗೆ ಮಾತ್ರ” ಎಂದರು ಮೇಲಿನವರು.

“ಆಯ್ತು ಮಾರಾಯ್ರೆ” ಎಂದರು ಅಮ್ಮ. ಮೂರು ವರ್ಷದಲ್ಲಿ ನಮ್ಮ ಮೇಲು ಕೆಳಗಿನ ಮನೆಗಳು ಮನಸಾರೆ ಒಪ್ಪಿದ್ದು ಅದೊಂದೇ ವಿಷಯಕ್ಕೆ. ಸಂಜೆ ಅಮ್ಮ ಬ್ರೋಕರನಿಗೆ ಫೋನು ಮಾಡಿ, ಮೇಲಿನ ಮನೆ ಖಾಲಿಯಾಗುವುದಿಲ್ಲ ಎಂದು ತಿಳಿಸಿದರು. ನಾನು ಒಗೆದು ಮಡಚಿಟ್ಟ ಬಿಳಿ ಬಟ್ಟೆಗಳನ್ನು ತೆಗೆದುಕೊಂಡು ಮಹಡಿ ಹತ್ತಿದೆ. ಅವರು ದಾರ ಬಿಗಿದರು, ನಾನು ಗಂಟಿನ ಮೇಲೆ ಸಹಿ ಹಾಕಿದೆ. ಇಳಿಯುವಾಗ ಕತ್ತಲಾಗಿತ್ತು. ಬಾಗಿಲಿನಿಂದ ಅವರು ಹೇಳಿದರು, “ಲೈಟು ಹಾಕು ತಂಗೀ, ಅಡ್ವಾನ್ಸ್ ಉಂಟು.”

ಮರುದಿನ ನಾನು ಅಜ್ಜಿಯ ಕೋಣೆಯಲ್ಲೇ ನೆಲದ ಮೇಲೆ ಮಲಗಿದ್ದೆ. ಐದಕ್ಕೆ ಸರಿಯಾಗಿ ರಾಟೆ ಕೂಗಿತು, ಹಲ್ಲಿನ ಬೇರಿಗೆ ತಾಗುವ ಅದೇ ಸ್ವರ. ನಾನು ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡೆ. ಕತ್ತಲಲ್ಲಿ ಅಜ್ಜಿಯ ಮಂಚ ಕಿರ್ ಎಂದಿತು.

“ಬೆಳಗಾಯ್ತು” ಎಂದರು ಅಜ್ಜಿ, ತಮ್ಮಷ್ಟಕ್ಕೆ. ಆಮೇಲೆ ಮಗ್ಗುಲು ಬದಲಿಸಿ ನಿದ್ದೆ ಹೋದರು.